ಕತೆ ಮುಗಿದರೆ ಕಟಿಂಗೂ ಮುಗಿಯಿತು

ಬಾಯಿ ಮುಚ್ಚಿಕೊಂಡಿರು ಎಂದು ಆ ಬೀದಿಯಲ್ಲಿ ರೇಡಿಯಣ್ಣನಿಗೆ ಹೇಳದವರೇ ಇರಲಿಲ್ಲ. ಹೆಂಡತಿ ಹೇಳಿದ್ದಳು, ಪಕ್ಕದ ಬೇಕರಿಯವನು ಹೇಳಿದ್ದ, ಒಮ್ಮೆ ಕುರ್ಚಿಯಲ್ಲಿ ಕೂತಿದ್ದ ಪೊಲೀಸನೊಬ್ಬ ಕೈಮುಗಿದು ಬೇಡಿಕೊಂಡಿದ್ದ. ಒಬ್ಬರ ಮಾತನ್ನೂ ಅವನು ಕಿವಿಗೆ ಹಾಕಿಕೊಂಡವನಲ್ಲ. ಅದೇ ಮಾತನ್ನು ಗಂಟಲಿನ ಡಾಕ್ಟರಮ್ಮ ಹೇಳಿದಾಗ ಮಾತ್ರ ಅವನ ಎದೆ ಧಸಕ್ಕೆಂದಿತು.

ರೇಡಿಯಣ್ಣ ಅಂದರೆ ಬೀದಿಯ ತಿರುವಿನಲ್ಲಿರುವ ಕಟಿಂಗ್ ಶಾಪಿನವನು. ಎತ್ತಿ ಇಳಿಸುವ ಕುರ್ಚಿ ಒಂದೇ ಒಂದು, ಮುಂದೊಂದು ಹಿಂದೊಂದು ಕನ್ನಡಿ, ಕಾಯುವವರಿಗೆ ಗೋಡೆಯುದ್ದಕ್ಕೂ ಒಂದು ಬೆಂಚು. ಅವನಿಗೆ ಬೇರೆ ಹೆಸರು ಇಲ್ಲದೆ ಇಲ್ಲ, ಆದರೆ ಅದು ಸಹಿ ಹಾಕುವಾಗ ಬಿಟ್ಟರೆ ಅವನಿಗೂ ನೆನಪಾಗುವುದಿಲ್ಲ. ಬೆಳಿಗ್ಗೆ ಶಟರ್ ಎತ್ತುವಾಗ ಶುರುವಾದ ಬಾಯಿ ರೇಡಿಯೋ ಹಾಗೆ ಸಂಜೆ ಶಟರ್ ಎಳೆಯುವ ತನಕ ನಿಲ್ಲುತ್ತಿರಲಿಲ್ಲ. ಸ್ವಿಚ್ಚು ಎಲ್ಲಿದೆ ಅಂತ ಕಟ್ಟಿಕೊಂಡ ಹೆಂಡತಿಗೇ ಗೊತ್ತಾಗಿರಲಿಲ್ಲ, ಇನ್ನು ಊರಿನವರ ಪಾಡು ಕೇಳಬೇಡಿ.

ಹಾಗಂತ ಸುಮ್ಮನೆ ಹರಟೆ ಹೊಡೆಯುವವನು ಅಂದುಕೊಂಡೀರಿ ಮತ್ತೆ! ಅವನ ಮಾತು ಅವನ ಕಸುಬಿನದೇ ಭಾಗ. ಕಸುಬು ಕಲಿಸಿದ ಸೋದರಮಾವ ಅವನಿಗೆ ಕಲಿಸಿದ್ದೇ ಹಾಗೆ: ಗಡ್ಡಕ್ಕೊಂದು ಸಣ್ಣ ಕತೆ, ಕಟಿಂಗಿಗೊಂದು ದೊಡ್ಡ ಕತೆ. ಗೋಡೆ ಹಾರಿದ ಕಳ್ಳನ ಕತೆ ಅಂತ ಒಂದಿತ್ತು. ಅದರಲ್ಲಿ ಕಳ್ಳ ಗೋಡೆ ಹತ್ತುವ ಹೊತ್ತಿಗೆ ಕತ್ತರಿ ಎಡಗಿವಿ ದಾಟಿರಬೇಕು. ಅವನು ಆಚೆ ಬದಿ ಧೊಪ್ಪನೆ ಬೀಳುವಾಗ ಕತ್ತಿನ ಹಿಂಭಾಗ ಆಗಿರಬೇಕು. ನಾಯಿ ಬಂದು ಅವನ ಪ್ಯಾಂಟು ಹಿಡಿದಾಗ ಬಲಗಿವಿ. "ಅಲ್ಲಿಗೆ ಮುಗೀತು ನೋಡಿ" ಅಂದ ಕೂಡಲೇ ಬಟ್ಟೆ ಕೊಡವಿ ಕನ್ನಡಿ ತೋರಿಸಬೇಕು. ತಲೆ ನೋಡಿ ಕೈ ನಿಲ್ಲಿಸುವುದು ಅವನಿಗೆ ಬರುತ್ತಲೇ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ ಬಿಡಿ, ಕತೆ ತಪ್ಪಿದರೆ ತಾನೆ ಕಟಿಂಗ್ ತಪ್ಪುವುದು?

ಆ ಗಂಟಲಲ್ಲಿ ಒಂದು ಗಂಟು ಹುಟ್ಟಿಕೊಂಡಿತು. ಡಾಕ್ಟರಮ್ಮ ಅದನ್ನು ತೆಗೆದುಹಾಕಿ, ಕನ್ನಡಕದ ಮೇಲಿಂದ ಅವನನ್ನೇ ದಿಟ್ಟಿಸಿ ಹೇಳಿದರು: "ಒಂದು ತಿಂಗಳು ಮಾತಿಲ್ಲ. ಪಿಸುಮಾತೂ ಇಲ್ಲ, ಅದು ಇನ್ನೂ ಕೆಟ್ಟದ್ದು. ಗುನುಗೋ ಹಾಗಿಲ್ಲ. ಈ ತಿಂಗಳು ಬಾಯಿ ಬಿಟ್ರೆ ಆಮೇಲೆ ಜೀವಮಾನಪೂರ್ತಿ ಗಾಳಿ ಬರುತ್ತೆ ಹೊರತು ಧ್ವನಿ ಬರಲ್ಲ. ತಮಾಷೆ ಅಲ್ಲ ಇದು."

"ಒಂದೇ ತಿಂಗಳಾ ಡಾಕ್ಟ್ರೇ?" ಎಂದು ಹೆಂಡತಿ ಕೇಳಿದಳು. "ಸ್ವಲ್ಪ ಜಾಸ್ತಿ ಮಾಡೋಕಾಗಲ್ವಾ?"

ಡಾಕ್ಟರಮ್ಮ ನಕ್ಕರು. ಆದರೆ ಮನೆಗೆ ಹೋಗುವ ಬಸ್ಸಿನಲ್ಲಿ ಅವಳು ಅವನ ಕೈಯನ್ನು ಬಿಗಿಯಾಗಿ ಹಿಡಿದು ಕೂತಿದ್ದಳು. ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದವಳು, ದಿನವಿಡೀ ಮೆಷಿನ್ನಿನ ಸದ್ದಿನಲ್ಲಿ ಕೂತು ಬರುವವಳು. ಸಂಜೆ ಮನೆಯಲ್ಲಿ ಈ ಮನುಷ್ಯನ ಗಂಟಲು ಕೇಳದಿದ್ದರೆ ಹೇಗಿರುತ್ತದೆ ಎನ್ನುವುದು ಅವಳಿಗೂ ಆಗಲೇ ಹೊಳೆದಿತ್ತು.

ಮೌನದ ಮೊದಲ ಗಿರಾಕಿ ಬೇಕರಿಯವನೇ. ಇಬ್ಬರೂ ಚಡ್ಡಿ ಹಾಕುವ ಕಾಲದಿಂದ ಗೆಳೆಯರು. ಕೋಳಿ ಕೂಗುವ ಮೊದಲೇ ಎದ್ದು ಒಲೆ ಮುಂದೆ ನಿಲ್ಲುವವನಾದ್ದರಿಂದ ಕುರ್ಚಿಗೆ ಬೆನ್ನು ತಾಗಿದರೆ ಸಾಕು, ಬೇಕರಿಯವನಿಗೆ ನಿದ್ದೆ. ಅವತ್ತೂ ಗೊರಕೆ ಹೊಡೆದ. ರೇಡಿಯಣ್ಣ ಕತ್ತರಿ ಎತ್ತಿಕೊಂಡು ಶುರುಮಾಡಿದ. ಎಡಗಿವಿ ದಾಟಿತು, ಹಿಂಭಾಗ ದಾಟಿತು, ಬಲಗಿವಿಯೂ ದಾಟಿತು, ಮತ್ತೆ ಎಡಗಿವಿ ಬಂತು. ಕತೆಯೇ ಇಲ್ಲದ ಮೇಲೆ ಅದು ಮುಗಿಯುವುದೆಲ್ಲಿಂದ? ಕೈ ತನ್ನ ಪಾಡಿಗೆ ಸುತ್ತು ಹಾಕುತ್ತಲೇ ಇತ್ತು. ಬೇಕರಿಯವನು ಕಣ್ಣು ಬಿಟ್ಟು ಕನ್ನಡಿ ನೋಡಿದವನೇ ಎದ್ದು ಕೂತ.

"ಲೋ! ಇದೇನೋ ಮಾಡಿದೆ? ತಲೇನ ಬನ್ ಮಾಡಿಬಿಟ್ಟಿಯಲ್ಲೋ!"

ಎರಡನೆಯ ಗಿರಾಕಿ ಪೋಸ್ಟ್‌ಮ್ಯಾನ್. ಈ ಸಲ ಹೆದರಿದ ರೇಡಿಯಣ್ಣ ನಾಲ್ಕು ಸಲ ಕಚಕಚ ಅನ್ನಿಸಿ ಬಟ್ಟೆ ಕೊಡವಿಬಿಟ್ಟ. ಪಾಪ, ಆತ ಒಂದು ಕಡೆ ಹೊಸಬ, ಇನ್ನೊಂದು ಕಡೆ ಹಳಬ ಆಗಿ ಮನೆಗೆ ಹೋದ. ಮಧ್ಯಾಹ್ನಕ್ಕೆ ಅಂಗಡಿಯ ಶಟರ್ ಕೆಳಗೆ ಬಂತು.

ಮನೆಯಲ್ಲಿ ಅವನು ಗರ ಬಡಿದವನ ಹಾಗೆ ಕೂತ. ಹೆಂಡತಿ ತಂದುಕೊಟ್ಟ ಸ್ಲೇಟನ್ನು ಮುಟ್ಟಲಿಲ್ಲ, ಊಟವನ್ನೂ ಸರಿಯಾಗಿ ಮುಟ್ಟಲಿಲ್ಲ. ಹೀಗೇ ಕೆಲವು ದಿನ ಹೋದವು. ಒಂದು ದಿನ ಅವಳು ತಲೆನೋವೆಂದು ಕೆಲಸದಿಂದ ಬೇಗ ಬಂದು ನೋಡಿದರೆ, ಯಜಮಾನರು ಬಚ್ಚಲಮನೆಯಲ್ಲಿ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತಿದ್ದಾರೆ. ಎದುರಿಗೆ ಗೋಡೆ. ಎದೆತುಂಬ ಉಸಿರು ಎಳೆದುಕೊಂಡು, ಬಾಯಿ ಅಗಲ ತೆರೆದು, ಇನ್ನೇನು ಕಳ್ಳ ಗೋಡೆ ಹತ್ತಬೇಕು! ಅವಳು ಓಡಿಹೋಗಿ ಅಂಗೈಯಿಂದ ಅವನ ಬಾಯಿ ಮುಚ್ಚಿದಳು.

"ಬುದ್ಧಿ ಇದೆಯೇನ್ರೀ ನಿಮಗೆ? ಜೀವಮಾನದ ಮಾತನ್ನೆಲ್ಲ ಈ ಗೋಡೆಗೆ ಕೊಡ್ತೀರಾ?"

ಅವನ ಕಣ್ಣಲ್ಲಿ ಬಳಬಳ ನೀರು ಬಂತು. ಅವತ್ತು ಮೊದಲ ಸಲ ಸ್ಲೇಟು ತೆಗೆದುಕೊಂಡು ಬರೆದ: ಮಾತಿಲ್ಲದ ಮೇಲೆ ನನ್ನ ಹತ್ರ ಯಾರು ಬರ್ತಾರೆ?

ಅದನ್ನು ಓದಿ ಅವಳಿಗೆ ಪಾಪವೂ ಅನ್ನಿಸಿತು, ರೇಗಿಯೂ ಹೋಯಿತು. ಚಪ್ಪಲಿ ಮೆಟ್ಟಿಕೊಂಡು ನೇರವಾಗಿ ಬೇಕರಿಗೆ ಹೋದಳು. ಅಲ್ಲಿ ಏನು ಹೇಳಿದಳೋ, ಬೇಕರಿಯವನು ಯಾರಿಗೆ ಹೇಳಿದನೋ, ಮರುದಿನ ಬೆಳಿಗ್ಗೆ ರೇಡಿಯಣ್ಣನ ಮನೆ ಬಾಗಿಲು ಧಡಧಡ ಸದ್ದು ಮಾಡತೊಡಗಿತು. ಬಾಗಿಲಲ್ಲಿ ಮೂವರು: ಬೋಳುತಲೆಗೆ ಟೋಪಿ ಹಾಕಿಕೊಂಡ ಬೇಕರಿಯವನು, ಎದುರು ಸಾಲಿನ ತರಕಾರಿ ಅಂಗಡಿಯ ಅಕ್ಕ, ರಿಟೈರಾಗಿ ಮಾತಾಡಲು ಮಕ್ಕಳು ಸಿಗದೆ ಒದ್ದಾಡುತ್ತಿದ್ದ ಮೇಷ್ಟ್ರು.

"ಏಳೋ, ಶಟರ್ ಎತ್ತು," ಎಂದ ಬೇಕರಿಯವನು. "ಕತ್ತರಿ ನಿಂದು, ಬಾಯಿ ನಮ್ದು. ಕತೆ ನಾವು ಹೇಳ್ತೀವಿ."

ಹೇಳಿದರು ನೋಡಿ! ಮೊದಲ ದಿನದ ಅವಾಂತರ ಒಂದೆರಡಲ್ಲ. ಕುರ್ಚಿಯಲ್ಲಿ ಅದೇ ಪೋಸ್ಟ್‌ಮ್ಯಾನ್, ಉಳಿದ ಅರ್ಧ ತಲೆ ಮಾಡಿಸಿಕೊಳ್ಳಲು ಧೈರ್ಯ ಮಾಡಿ ಬಂದಿದ್ದ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ತಾವು ಮೊದಲ ಸಲ ವರ್ಗವಾಗಿ ಹೋದ ಕತೆ ಶುರುಮಾಡಿದರು. ಬಸ್ಸು ಹತ್ತುವ ಮೊದಲು ಆ ಬಸ್ಸಿನ ಡ್ರೈವರನ ಕತೆ ಬಂತು. ಅವನ ತಮ್ಮ ಮೇಷ್ಟ್ರ ಹಳೆಯ ವಿದ್ಯಾರ್ಥಿಯಂತೆ, ಅವನ ಕತೆಯೂ ಬಂತು. ಮೇಷ್ಟ್ರು ಇನ್ನೂ ಬಸ್ಸು ಹತ್ತಿರಲಿಲ್ಲ, ಪೋಸ್ಟ್‌ಮ್ಯಾನಿನ ತಲೆ ಬೇಕರಿಯವನ ತಲೆಗೆ ಜೋಡಿಯಾಯಿತು.

ಆಮೇಲೆ ತರಕಾರಿಯಕ್ಕ. ಅವಳ ಕತೆ ಅವಳ ವ್ಯಾಪಾರದ ಹಾಗೆಯೇ, ಚೌಕಾಸಿ ಇಲ್ಲ. "ಒಬ್ಬ ಬಂದ. ಕೊಳೆತಿದೆ ಅಂದ. ನಿನ್ನ ಮೂಗು ಕೊಳೆತಿದೆ ಹೋಗು ಅಂದೆ. ಹೋದ. ಅಷ್ಟೇ." ರೇಡಿಯಣ್ಣ ಬಟ್ಟೆ ಕೊಡವಿದ. ಕುರ್ಚಿಯಲ್ಲಿದ್ದ ಕಾಲೇಜು ಹುಡುಗನ ಒಂದು ಕಿವಿಯೂ ಹೊರಗೆ ಬಂದಿರಲಿಲ್ಲ. ಬೆಂಚಿನ ಮೇಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕನ್ನಡಿಯಲ್ಲಿ ರೇಡಿಯಣ್ಣನ ಭುಜವೂ ಕುಲುಕಿತು, ಎಷ್ಟೋ ದಿನದ ಮೇಲೆ.

ಎರಡು ಮೂರು ದಿನದಲ್ಲಿ ಒಂದು ಹದ ಸಿಕ್ಕಿತು. ಗಡ್ಡಕ್ಕೆ ತರಕಾರಿಯಕ್ಕ, ಸಾಮಾನ್ಯ ತಲೆಗೆ ಬೇಕರಿಯವನು, ಕೂದಲು ಹೆಗಲಿಗೆ ಇಳಿದವರು ಬಂದರೆ ಮಾತ್ರ ಮೇಷ್ಟ್ರು. ಕತೆ ಇದ್ದವರೆಲ್ಲ ಬರತೊಡಗಿದರು. ಕೂದಲು ಬೆಳೆಯದಿದ್ದರೂ ಬಂದರು. ಇಷ್ಟು ವರ್ಷ ಆ ಅಂಗಡಿಯಲ್ಲಿ ಯಾರಿಗೆ ತಾನೆ ಬಾಯಿ ತೆರೆಯಲು ಸಂದು ಸಿಕ್ಕಿತ್ತು? ಎಲ್ಲರ ಹೊಟ್ಟೆಯಲ್ಲೂ ಒಂದೊಂದು ಕತೆ ಹಾಗೇ ಉಳಿದುಕೊಂಡಿತ್ತು.

ಒಂದು ದಿನ ಬೇಕರಿಯವನಿಗೆ ಎಲ್ಲಿಲ್ಲದ ಹುಮ್ಮಸ್ಸು ಬಂದು, ಗೋಡೆ ಹಾರಿದ ಕಳ್ಳನ ಕತೆಯನ್ನೇ ಎತ್ತಿಕೊಂಡ. ಅದೂ ತಲೆಕೆಳಗು. ನಾಯಿಯನ್ನು ಮೊದಲೇ ತಂದು ನಿಲ್ಲಿಸಿದ! ಕಳ್ಳನನ್ನು ಮನೆಯೊಡೆಯನ ಭಾವಮೈದ ಮಾಡಿಬಿಟ್ಟ! ರೇಡಿಯಣ್ಣನ ಮುಖ ಕೆಂಪಾಯಿತು, ಕಿವಿ ಕೆಂಪಾಯಿತು. ಹೊಟ್ಟೆಯೊಳಗಿಂದ ಮಾತು ನುಗ್ಗಿಕೊಂಡು ಬಂದು ತುಟಿ ತೆರೆಯಿತು.

"ಬಾಯಿ!" ಎಂದು ಇಡೀ ಬೆಂಚು ಒಟ್ಟಿಗೆ ಕೂಗಿತು.

ಅವನು ಗಪ್ಪನೆ ಬಾಯಿ ಮುಚ್ಚಿದ. ಶೇವಿಂಗ್ ನೊರೆಯನ್ನು ಬೆರಳಿಗೆ ಮೆತ್ತಿಕೊಂಡು ಕನ್ನಡಿಯ ಮೇಲೆ ದೊಡ್ಡದಾಗಿ ಬರೆದ: ನಾಯಿ ಕೊನೆಗೆ ಬರೋದು ಕಣೋ ಕತ್ತೆ!

ಅಲ್ಲಿಂದ ಮುಂದೆ ಅದೇ ರೂಢಿಯಾಯಿತು. ಅವನ ತುಟಿ ಬೇರೆಯಾಗುವುದೇ ತಡ, "ಬಾಯಿ!" ಆಕಳಿಸಿದರೂ ಬಾಯಿ, ಬನ್ನು ಕಚ್ಚಲು ಹೋದರೂ ಬಾಯಿ. ಅವನು ದಾರಿಯಲ್ಲಿ ನಡೆಯುವಾಗ ಬಸ್ ಸ್ಟಾಪಿನಲ್ಲಿ ನಿಂತವರೂ ಕೂಗತೊಡಗಿದರು. ಮನೆಯಲ್ಲಿ ಹೆಂಡತಿಯಂತೂ ಊಟಕ್ಕೆ ಕೂತಾಗ ತಾನೇ ಕೂಗಿ ತಾನೇ ನಕ್ಕು ನೀರು ನೆತ್ತಿಗೇರಿಸಿಕೊಳ್ಳುತ್ತಿದ್ದಳು. ಅವನಿಗೆ ಊಟ ಸೇರಿತು, ನಿದ್ದೆ ಬಂತು. ಒಬ್ಬನೇ ಆಗಿದ್ದರೆ ಒಂದು ವಾರ ತಡೆಯಲಾಗದ ಮೌನ, ಇಷ್ಟು ಜನ ಕಾವಲು ನಿಂತ ಮೇಲೆ ಹೇಗೋ ಸಾಗಿತು.

ಇನ್ನೊಂದು ಸಂಗತಿಯೂ ನಡೆಯಿತು. ಬಾಯಿ ಮುಚ್ಚಿದ ಮೇಲೆ ರೇಡಿಯಣ್ಣನ ಕಿವಿ ಬಿಚ್ಚಿಕೊಂಡಿತು. ಪೋಸ್ಟ್‌ಮ್ಯಾನಿಗೆ ನಾಯಿ ಅಂದರೆ ಭಯ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಆ ಮನುಷ್ಯನಿಗೆ ಪ್ರತಿ ಸಲವೂ ಇವನು ಹೇಳಿದ್ದು ನಾಯಿ ಪ್ಯಾಂಟು ಹಿಡಿದ ಕತೆ! ತರಕಾರಿಯಕ್ಕ ಚಿಕ್ಕಂದಿನಲ್ಲಿ ಈಜುವುದರಲ್ಲಿ ಹುಡುಗರನ್ನೆಲ್ಲ ಸೋಲಿಸುತ್ತಿದ್ದಳಂತೆ. ಎಷ್ಟೋ ಕಾಲದಿಂದ ಈ ತಲೆಗಳ ಒಂದೊಂದು ಸುಳಿಯೂ ಅವನ ಬೆರಳಿಗೆ ಗೊತ್ತಿತ್ತು, ತಲೆಯೊಳಗಿನದ್ದು ಮಾತ್ರ ಒಂದೂ ಗೊತ್ತಿರಲಿಲ್ಲ.

ತಿಂಗಳು ಮುಗಿಯಲು ಇನ್ನು ಕೆಲವೇ ದಿನ ಇದ್ದಾಗ ಲಿಫ್ಟಿನವನು ಬಂದ. ದೊಡ್ಡ ಬಿಲ್ಡಿಂಗುಗಳ ಲಿಫ್ಟು ಕೆಟ್ಟರೆ ರಿಪೇರಿ ಮಾಡುವ ಮನುಷ್ಯ. ಬರುತ್ತಾನೆ, ಕೂರುತ್ತಾನೆ, ಹೋಗುತ್ತಾನೆ. ಅವನ ಧ್ವನಿ ಹೇಗಿದೆ ಎಂದು ಬೆಂಚಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಇತ್ತೀಚೆಗಂತೂ ಕೂದಲು ಬೆಳೆಯುವ ಮೊದಲೇ ಬಂದು ಕೂರುತ್ತಿದ್ದ. ಆಸಾಮಿಗೆ ಈ ವಯಸ್ಸಲ್ಲಿ ಶೋಕಿ ಶುರುವಾಗಿದೆ ಅಂತ ರೇಡಿಯಣ್ಣ ಒಳಗೊಳಗೇ ನಗುತ್ತಿದ್ದ. ಅವತ್ತು ಬೆಂಚಿನಲ್ಲಿ ಕತೆಯ ಸರದಿ ಯಾರದೆಂದು ಜಗಳ ನಡೆಯುತ್ತಿತ್ತು. ಎಡಗಿವಿ ಇನ್ನೂ ಬಂದಿರಲಿಲ್ಲ, ಲಿಫ್ಟಿನವನೇ ಬಾಯಿ ಬಿಟ್ಟ.

"ನಾನೊಂದು ಹೇಳ್ಲಾ?"

ಎಲ್ಲರೂ ಜಗಳ ಬಿಟ್ಟು ಅವನತ್ತ ತಿರುಗಿದರು.

"ನನಗೆ ಮಾತಾಡೋಕೆ ಬರಲ್ಲ," ಎಂದು ಅವನು ಕನ್ನಡಿ ನೋಡುತ್ತ ಶುರುಮಾಡಿದ. "ಹುಟ್ಟಿದಾಗಿಂದ ಹೀಗೇ. ಒಂದ್ಸಲ ಮಾತ್ರ ಮಾತಾಡಿದ್ದೀನಿ. ವಯಸ್ಸಲ್ಲಿದ್ದೆ. ಲಿಫ್ಟು ಎರಡು ಮಹಡಿ ಮಧ್ಯೆ ಸಿಕ್ಕಾಕ್ಕೊಂಡಿತ್ತು, ಒಳಗೆ ಒಬ್ಳು ಹುಡುಗಿ. ಜೋರಾಗಿ ಅಳ್ತಿದ್ಲು. ಮೋಟಾರು ಬಿಚ್ಚೋಕೆ ಹೊತ್ತು ಬೇಕು. ಅಲ್ಲಿ ತನಕ ಅವಳು ಹೆದರಬಾರ್ದು ಅಂತ ಬಾಗಿಲ ಸಂದಿಗೆ ಬಾಯಿಟ್ಟು ಮಾತಾಡ್ತಾ ಹೋದೆ. ಏನೇನು ಮಾತಾಡಿದ್ನೋ! ನಮ್ಮಮ್ಮನ ವಿಷಯ, ನನ್ನ ಸೈಕಲ್ಲಿನ ವಿಷಯ, ಬಾಯಿಗೆ ಬಂದಿದ್ದೆಲ್ಲ. ಮೊದ್ಲು ಅಳು ನಿಲ್ಸಿದ್ಲು. ಆಮೇಲೆ ಹೂಂ ಅನ್ನೋಕೆ ಶುರು ಮಾಡಿದ್ಲು. ಕೊನೆಗೆ ಬಾಗಿಲು ತೆಗೆದೆ. ಹೊರಗೆ ಬಂದ್ಲು. ನನ್ನ ಮುಖ ನೋಡಿದ್ಲು. ನೋಡಿ…"

ಅಲ್ಲಿಗೆ ನಿಂತ. ಕತ್ತರಿಯೂ ನಿಂತಿತು.

"ಅವಳು ತೀರ್ಕೊಂಡು ವರ್ಷ ಆಗ್ತಾ ಬಂತು," ಎಂದ ಲಿಫ್ಟಿನವನು. ಎದ್ದು, ಕತ್ತಿನ ಬಟ್ಟೆ ತಾನೇ ಬಿಚ್ಚಿ, ಅರ್ಧ ಕತ್ತರಿಸಿದ ತಲೆಗೆ ಟೋಪಿ ಏರಿಸಿಕೊಂಡು, "ಸಾಕು ಬಿಡಿ, ಇನ್ನೊಂದಿನ ಬರ್ತೀನಿ," ಎಂದು ಹೊರಟೇಹೋದ.

ರೇಡಿಯಣ್ಣ ಕತ್ತರಿ ಹಿಡಿದುಕೊಂಡು ನಿಂತೇ ಇದ್ದ. ಈ ಒಂದು ವರ್ಷದಲ್ಲಿ ಆ ಮನುಷ್ಯ ಬಂದಾಗಲೆಲ್ಲ ಇವನು ಕೇಳಿದ್ದ: ಅತ್ತಿಗೆ ಚೆನ್ನಾಗಿದ್ದಾರಾ? ಕೇಳಿದ್ದ ನಿಜ, ಉತ್ತರಕ್ಕೆ ಮಾತ್ರ ಒಂದು ಸಲವೂ ಬಾಯಿ ನಿಲ್ಲಿಸಿರಲಿಲ್ಲ. ಅಷ್ಟರಲ್ಲಿ ಕಳ್ಳ ಗೋಡೆ ಹತ್ತುತ್ತಿದ್ದ. ನೆನೆಸಿಕೊಂಡು ಅವನಿಗೆ ಭೂಮಿಗೆ ಇಳಿದುಹೋದಂತಾಯಿತು. ಶೋಕಿ ಅಂದುಕೊಂಡೆನಲ್ಲ, ಥೂ! ಆ ಮನುಷ್ಯ ಬರುತ್ತಿದ್ದದ್ದು ತಲೆಯ ಮೇಲೆ ಒಂದು ಕೈ ಬೀಳಲಿ ಅಂತ, ಪಕ್ಕದಲ್ಲಿ ನಾಲ್ಕು ಜನ ಇರಲಿ ಅಂತ.

ಇನ್ನೊಂದಿನ ಅಂದವನು ಬರಲಿಲ್ಲ. ಕಾದು ಕಾದು ರೇಡಿಯಣ್ಣನೇ ಹುಡುಕಿಕೊಂಡು ಹೋದ. ನಾಲ್ಕು ಬೀದಿ ಆಚೆಯ ದೊಡ್ಡ ಬಿಲ್ಡಿಂಗಿನಲ್ಲಿ ಲಿಫ್ಟಿನವನು ಮೆಟ್ಟಿಲು ಹತ್ತುತ್ತಿದ್ದ. ಕೈಯಲ್ಲಿ ಸ್ಪ್ಯಾನರು, ತಲೆಯಲ್ಲಿ ಅದೇ ಟೋಪಿ. ಇವನನ್ನು ನೋಡಿ, "ಕೆಲ್ಸ ಇದೆ ರೇಡಿಯಣ್ಣ," ಎಂದು ಕಣ್ಣು ತಪ್ಪಿಸಿ ಮೇಲೆ ಹೋದ.

ಮೆಟ್ಟಿಲ ಬುಡದಲ್ಲಿ ರೇಡಿಯಣ್ಣ ಒಬ್ಬನೇ. ಬೆಂಚಿಲ್ಲ, ಹೆಂಡತಿಯಿಲ್ಲ, ನರಪಿಳ್ಳೆಯಿಲ್ಲ. ಒಂದು ಸಲ ಕೂಗಿ ಕರೆದರೆ ಸಾಕು, ಆ ಮನುಷ್ಯ ತಿರುಗುತ್ತಾನೆ. ಧ್ವನಿ ಹೋದರೆ ಹಾಳಾಗಿ ಹೋಗಲಿ ಅನ್ನಿಸಿತು. ಉಸಿರು ಎಳೆದುಕೊಂಡ, ತುಟಿ ತೆರೆದ. ತೆರೆದದ್ದೇ ತಡ, ಅವನ ಕಿವಿಯೊಳಗೆ ಬೇಕರಿಯವನು, ಮೇಷ್ಟ್ರು, ತರಕಾರಿಯಕ್ಕ, ಬಸ್ ಸ್ಟಾಪಿನವರು, ಹೆಂಡತಿ, ಎಲ್ಲರೂ ಸೇರಿ ಕೂಗಿದರು: ಬಾಯಿ! ಅವನು ಬಾಯಿ ಮುಚ್ಚಿಕೊಂಡ. ಕಣ್ಣೊರೆಸಿಕೊಂಡು ಮನೆಗೆ ನಡೆದ.

ಅಂತೂ ತಿಂಗಳು ತುಂಬಿತು. ಡಾಕ್ಟರಮ್ಮ ಟಾರ್ಚು ಬಿಟ್ಟು ನೋಡಿ, "ಆ ಅನ್ನಿ," ಎಂದರು. ರೇಡಿಯಣ್ಣನಿಗೆ ಜೀವ ಬಾಯಿಗೆ ಬಂತು. ಹೆಂಡತಿ ಸೆರಗಿನ ತುದಿ ಹಿಂಡುತ್ತ ನಿಂತಿದ್ದಳು. "ಆ" ಬಂತು. ಸಣ್ಣದಾಗಿತ್ತು, ಸ್ವಲ್ಪ ಒಡಕಲಾಗಿತ್ತು, ಆದರೆ ಅದು ಗಾಳಿಯಲ್ಲ, ಧ್ವನಿ. ಹೆಂಡತಿ ಅಲ್ಲೇ ಕುರ್ಚಿಯಲ್ಲಿ ಕುಸಿದು ಕೂತು ಅತ್ತುಬಿಟ್ಟಳು.

"ಇವತ್ತು ಒಂದೆರಡು ಮಾತು, ಅಷ್ಟೇ," ಎಂದು ಡಾಕ್ಟರಮ್ಮ ಬೆರಳು ತೋರಿಸಿ ಗದರಿಸಿದರು. "ನಾಳೆ ಇನ್ನೊಂದಷ್ಟು. ಒಂದೇ ಸಲ ಖಾಲಿ ಮಾಡಬೇಡಿ."

ಅಂಗಡಿಯ ಮುಂದೆ ಬೀದಿಗೆ ಬೀದಿಯೇ ಸೇರಿತ್ತು. ಮೊದಲ ಮಾತು ಏನಿರಬಹುದು ಎಂದು ಆಗಲೇ ಪಂದ್ಯ ಕಟ್ಟಿದ್ದರು. ಕಳ್ಳನ ಕತೆಯೇ ಎಂದು ಮೇಷ್ಟ್ರು, ನನಗೇ ಬೈಗುಳ ಎಂದು ಬೇಕರಿಯವನು. ಸೋತವರು ಎಲ್ಲರಿಗೂ ಚಹಾ ಕುಡಿಸಬೇಕು. ರೇಡಿಯಣ್ಣ ಬಂದ, ಎಲ್ಲರ ಮುಖ ನೋಡಿ ಬಾಯ್ತುಂಬ ನಕ್ಕ. ಆದರೆ ತುಟಿ ಪಿಟಕ್ಕೆನ್ನಲಿಲ್ಲ. ಒಳಗೆ ಹೋಗಿ ಕತ್ತರಿ, ಬಾಚಣಿಗೆ, ಬಟ್ಟೆ ಚೀಲಕ್ಕೆ ಹಾಕಿಕೊಂಡು ಹೊರಗೆ ಬಂದು ಸರಸರ ನಡೆದೇಬಿಟ್ಟ.

"ಅಯ್ಯೋ, ಮೊದಲ ಮಾತು ತಗೊಂಡು ಎಲ್ಲಿಗೋ ಹೊರಟ ಇವ್ನು!" ಎಂದು ಬೇಕರಿಯವನು ಹಿಂದೆ ಓಡಿದ. ಅವನ ಹಿಂದೆ ಬೀದಿ ಓಡಿತು.

ಬಿಲ್ಡಿಂಗಿನ ಕೆಳ ಅಂತಸ್ತಿನಲ್ಲಿ ಲಿಫ್ಟಿನವನು ಸ್ಟೂಲಿನ ಮೇಲೆ ಕೂತು ಸ್ಕ್ರೂ ಬಿಗಿಯುತ್ತಿದ್ದ. ರೇಡಿಯಣ್ಣ ಹೋದವನೇ ಅವನ ಟೋಪಿ ತೆಗೆದು ಪಕ್ಕಕ್ಕಿಟ್ಟ, ಕತ್ತಿಗೆ ಬಟ್ಟೆ ಕಟ್ಟಿದ. ಅರ್ಧ ತಲೆ ಹಾಗೆಯೇ ಇತ್ತು. ಮೆಟ್ಟಿಲ ಮೇಲೆ ಜನ ಉಸಿರು ಬಿಗಿಹಿಡಿದು ನಿಂತರು. ರೇಡಿಯಣ್ಣ ಕತ್ತರಿ ಎತ್ತಿಕೊಂಡು, ಬಗ್ಗಿ, ಒಡಕು ಧ್ವನಿಯಲ್ಲಿ ಕೇಳಿದ:

"ಆಮೇಲೆ?"

ಬೇಕರಿಯವನು ಮೇಷ್ಟ್ರ ಮುಖ ನೋಡಿದ, ಮೇಷ್ಟ್ರು ತರಕಾರಿಯಕ್ಕನ ಮುಖ ನೋಡಿದರು. ಇಷ್ಟು ವರ್ಷಗಳಲ್ಲಿ ಈ ಮನುಷ್ಯನ ಬಾಯಿಂದ ಆ ಮಾತು ಯಾರೂ ಕೇಳಿರಲಿಲ್ಲ.

ಲಿಫ್ಟಿನವನು ಸ್ಕ್ರೂಡ್ರೈವರು ಕೆಳಗಿಟ್ಟ. ಕನ್ನಡಿ ಇಲ್ಲದ ಗೋಡೆ ನೋಡುತ್ತ ಹೇಳಿದ: "ನನ್ನ ಮುಖ ನೋಡಿ, ಆಚೆ ಈಚೆ ನೋಡಿ, ಇಷ್ಟೊತ್ತು ಮಾತಾಡ್ತಿದ್ರಲ್ಲ, ಅವ್ರೆಲ್ಲಿ ಹೋದ್ರು ಅಂತ ಕೇಳಿದ್ಲು!"

ಮೆಟ್ಟಿಲೆಲ್ಲ ಘೊಳ್ಳೆಂದಿತು. ಲಿಫ್ಟಿನವನೂ ನಕ್ಕ, ನಗುತ್ತಲೇ ಮುಂಗೈಯಿಂದ ಕಣ್ಣೊರೆಸಿಕೊಂಡ. "ನಾನೇ ಅಂದೆ. ನಂಬಲಿಲ್ಲ. ಇನ್ನೊಂದ್ಸಲ ಮಾತಾಡಿ ತೋರ್ಸಿ ಅಂದ್ಲು. ನನಗೆಲ್ಲಿ ಬರುತ್ತೆ!"

"ಅಲ್ಲಿಗೆ ಮುಗೀತಾ?" ಎಂದು ಬೇಕರಿಯವನು ಕೇಳಿದ.

ಲಿಫ್ಟಿನವನು ತಲೆ ತಗ್ಗಿಸಿದ. ಬಟ್ಟೆ ಕೊಡವುವ ಹೊತ್ತು ಅದೇ. ಆದರೆ ರೇಡಿಯಣ್ಣ ಕೊಡವಲಿಲ್ಲ. ಅವತ್ತಿನ ಪಾಲಿನದು ಇನ್ನೂ ಒಂದು ಮಾತು ಉಳಿದಿತ್ತು, ಅದನ್ನೂ ಅಲ್ಲೇ ಹಾಕಿಬಿಟ್ಟ.

"ಆಮೇಲೆ?"

ಲಿಫ್ಟಿನವನು ಹೇಳತೊಡಗಿದ. ಅವಳು ಮತ್ತೆ ಮತ್ತೆ ಅದೇ ಲಿಫ್ಟಿಗೆ ಬಂದದ್ದು, ಮದುವೆಯಾದದ್ದು, ಮನೆಯಲ್ಲಿ ಇಬ್ಬರ ಮಾತನ್ನೂ ಅವಳೇ ಆಡುತ್ತಿದ್ದದ್ದು, ಕಾಯಿಲೆ, ಆಸ್ಪತ್ರೆ, ಆಮೇಲಿನ ಖಾಲಿ ಮನೆ. ನಿಂತಿದ್ದವರು ಒಬ್ಬೊಬ್ಬರಾಗಿ ಮೆಟ್ಟಿಲ ಮೇಲೆ ಕೂತರು. ಯಾರೋ ಚಹಾ ತಂದರು. ಕತ್ತರಿಸಬೇಕಾದ ಕೂದಲೆಲ್ಲ ಎಷ್ಟೋ ಹೊತ್ತಿನ ಹಿಂದೆಯೇ ಮುಗಿದಿತ್ತು. ರೇಡಿಯಣ್ಣ ಈ ಸಲ ತಲೆಯನ್ನೂ ನೋಡಿದ್ದ. ಕೂದಲಿಗೆ ತಾಗದ ಹಾಗೆ, ಬರೀ ಗಾಳಿಯಲ್ಲಿ, ಕತ್ತರಿಯನ್ನು ಕಚಕಚ ಆಡಿಸುತ್ತಲೇ ಇದ್ದ. ಕತೆ ಇನ್ನೂ ಮುಗಿದಿರಲಿಲ್ಲವಲ್ಲ.